‘ಸೈಕಲ್ ಪಾತ’ಕ್ಕೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರ ಶಾಲೆಯ ಗೇಟಿನಿಂದ ಬಸ್ ನಿಲ್ಲುವ ಜಾಗದ ತನಕ ಮಕ್ಕಳ ಸೈಕಲ್ಲಿಗೆ ಅಂತಲೇ ಒಂದು ದಾರಿ ಮಾಡಿದ್ದೇವೆ. ಬೋರ್ಡು ಎರಡು ಭಾಷೆಯಲ್ಲಿ. ಮಲಯಾಳದಲ್ಲಿ ‘ಸೈಕಿಳ್ ಪಾತ’ ಅಂತ ಬರೆದಾಯಿತು, ಅವರಿಗೆ ಪಾತ ಅಂದರೆ ದಾರಿ. ನಾವು ಏನೂ ಕೊಡದಿದ್ದರೆ ಪೈಂಟರ್ ಅದನ್ನೇ ಕನ್ನಡ ಅಕ್ಷರದಲ್ಲಿ ಇಳಿಸಿಬಿಡುತ್ತಾರೆ. ಪಾತ ಅಂದರೆ ನಮಗೆ ಬೀಳುವುದು. ಜಲಪಾತ, ಹಿಮಪಾತ. ಸೈಕಲ್ ಬೀಳುವ ಜಾಗ ಅಂತ ಶಾಲೆಯ ಎದುರು ಬರೆಸುವುದಾ?

ಕೆಳಗೆ ಇನ್ನೊಂದು ಸಾಲು ಹಾಕಬೇಕು ಅಂತ ನನಗೆ ತುಂಬಾ ಆಸೆ. ನಾನು ಎರಡು ವರ್ಷ ನೆದರ್ಲ್ಯಾಂಡ್ಸಿನ ಉಟ್ರೆಕ್ಟಿನಲ್ಲಿ ಓದಿದೆ. ಪಕ್ಕದಲ್ಲೇ ಹೌಟನ್ ಅಂತ ಊರು. ಇಡೀ ಊರನ್ನು ಸೈಕಲ್ಲಿಗಾಗಿಯೇ ಯೋಚಿಸಿ ಕಟ್ಟಿದ್ದಾರೆ. ಕಾರಿನವರು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೊರಗಿನ ವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು, ಸೈಕಲ್ ಮಾತ್ರ ಊರ ನಡುವಿನಿಂದ ನೆಟ್ಟಗೆ ಹೋಗುತ್ತದೆ. ಕೆಲವು ಬೀದಿಗಳಿಗೆ ಕೆಂಪು ಡಾಮರು, ಅಲ್ಲೊಂದು ಬೋರ್ಡು: ‘ಔಟೊ ತೆ ಗಸ್ಟ್’. ಅಲ್ಲಿ ಔಟೊ ಅಂದರೆ ಕಾರು, ನಮ್ಮ ರಿಕ್ಷಾ ಅಲ್ಲ. ಈ ಬೀದಿಗೆ ಕಾರು ಅತಿಥಿ ಅಂತ ಅರ್ಥ. ಒಮ್ಮೆ ಎರಡೂ ಹ್ಯಾಂಡಲ್ಲಿಗೆ ಸಾಮಾನಿನ ಚೀಲ ತೂಗಿಸಿಕೊಂಡು, ಮಳೆಯಲ್ಲಿ ಓಲಾಡ್ತಾ ಹೋಗ್ತಿದ್ದೆ. ಹಿಂದೆ ಒಂದು ಕಾರು ಬಂತು. ಹಾರ್ನ್ ಇಲ್ಲ. ನಾನು ತಿರುಗುವ ತನಕ ಹಾಗೇ ಮೆಲ್ಲ ಹಿಂದೆಯೇ ಬಂತು. ಆ ಬೋರ್ಡಿನ ಅರ್ಥ ನನಗೆ ಆವತ್ತು ಆದದ್ದು.

ಅದಕ್ಕೇ ಕೇಳೋದು. ‘ಸೈಕಲ್ ದಾರಿ’, ಕೆಳಗೆ ‘ಕಾರು ಇಲ್ಲಿ ನೆಂಟ’. ಸರಿಯಾ?

*

ಸರಿಯಲ್ಲ. ಇಂಗ್ಲಿಷಿಗೆ ಕನ್ನಡ ಅಂಟಿಸಿದರೆ ಅದು ಪದ ಆಗೋದಿಲ್ಲ. ಹಿರಿದು ದಾರಿ ಹೆದ್ದಾರಿ ಆಯಿತು, ಎಷ್ಟು ಚಂದ. ಹಾಗೆಯೇ ‘ತುಳಿದಾರಿ’ ಅನ್ನಿ. ತಮಿಳರು ಸೈಕಲ್ಲಿಗೆ ಮಿದಿವಂಡಿ ಅಂತಾರೆ, ಮಿದಿ ಅಂದರೆ ತುಳಿ. ಅವರಿಗಾಗುತ್ತದೆ, ನಮಗೆ ಯಾಕಾಗದು?

ನೆಂಟ ಕೂಡ ತಪ್ಪು. ಅದು ನಂಟು ಇರುವವನು, ಸಂಬಂಧಿ. ಅತಿಥಿಗೆ ನಮ್ಮದೇ ಪದ ಇತ್ತು. ಮಲಯಾಳದ ವಿರುನ್ನ್, ತಮಿಳಿನ ವಿರುಂದು, ಹಳಗನ್ನಡದ ಬಿರ್ದು ಒಂದೇ ಬೇರಿನವು. ತುಳುವಿನ ಬಿನ್ನೆರ್ ನಿಮ್ಮೂರಲ್ಲೇ ದಿನಾ ಕೇಳ್ತೀರಿ ಅಲ್ವಾ? ಕಿಟ್ಟೆಲ್ ಕೋಶ 1894ರಲ್ಲಿ ಮಂಗಳೂರಲ್ಲೇ ಅಚ್ಚಾದದ್ದು, ತೆಗೆದು ನೋಡಿ. ಸುಮ್ನೆ ಬಾಯಿಗೆ ಬಂದದ್ದನ್ನು ಬೋರ್ಡಿಗೆ ಹಾಕಬೇಡಿ.

*

> ತುಳಿದಾರಿ ಅನ್ನಿ

ಮಾಷ್ಟ್ರೇ, ಅದನ್ನು ಓದಿದವರಿಗೆ ಜನ ತುಳಿದು ತುಳಿದು ಆದ ದಾರಿ ಅಂತ ಅನಿಸುತ್ತದೆ. ಅಂದರೆ ಕಾಲುದಾರಿ. ಕಟ್ಟಪುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ನಡೆಯುವವರೆಲ್ಲ ಅದನ್ನೇ ತುಳಿಯೋದು.

ಬಿರ್ದು ಯಾರಿಗೆ ಗೊತ್ತು? ಓದುವವನು ಜೀಪಿನ ಡ್ರೈವರ್. ಮತ್ತೆ ಎರವಲಿನ ಮಾತು. ರಸ್ತೆ ಪಾರಸಿ, ಚಾವಿ ಪೋರ್ಚುಗೀಸ್, ಬಟಾಟೆಯೂ ಪೋರ್ಚುಗೀಸ್. ಅವನ್ನೆಲ್ಲ ಬಿಟ್ಟು ಸೈಕಲ್ ಮೇಲೆ ಮಾತ್ರ ಯಾಕೆ ಸಿಟ್ಟು? ಮನೆಯಲ್ಲಿ ಅಜ್ಜಿಯೂ ಸೈಕಲ್ ಅಂತಲೇ ಹೇಳೋದು. ‘ದ್ವಿಚಕ್ರ ಪಥ’ ಅಂತ ಯಾರಾದರೂ ಹೇಳುವ ಮೊದಲೇ ಹೇಳ್ತೇನೆ, ಬೇಡ. ಮಾರನೇ ದಿನವೇ ಬೈಕು, ಸ್ಕೂಟರು ಎಲ್ಲ ಒಳಗೆ.

*

ಬಟಾಟೆಯ ವಾದ ನೂರು ಸಲ ಕೇಳಿದ್ದೇನೆ. ಆಗ ಬೇರೆ ಹೆಸರು ಇರಲಿಲ್ಲ, ತಗೊಂಡರು. ಇಲ್ಲಿ ಹಾಗಲ್ಲ, ಮಾಡುವ ಮನಸ್ಸಿಲ್ಲ. ಗಡಿನಾಡಿನಲ್ಲಿ ಇರುವವರೇ ಹೀಗೆ ಬಿಟ್ಟುಕೊಟ್ಟರೆ ಏನು ಹೇಳೋಣ?

*

ಬಿಟ್ಟುಕೊಟ್ಟಿಲ್ಲ ಮಾಷ್ಟ್ರೇ. ಆ ಬೋರ್ಡಿನಲ್ಲಿ ಕನ್ನಡಕ್ಕೆ ಮಲಯಾಳದಷ್ಟೇ ಅಗಲದ ಜಾಗ ಬೇಕು ಅಂತ ಎರಡು ಮೀಟಿಂಗಿನಲ್ಲಿ ಕೂತು ವಾದ ಮಾಡಿ ತಗೊಂಡದ್ದು. ಅಲ್ಲಿ ಮಕ್ಕಳು ಆಡುವ ಮಾತೇ ಇರಲಿ ಅಂತ ನನ್ನ ಹಟ. ಬಿರ್ದು ನನಗೂ ಬಹಳ ಇಷ್ಟವಾಯಿತು, ಆದರೆ ನಮ್ಮ ಕಡೆ ಮನೆಗೆ ಯಾರು ಬಂದರೂ ನೆಂಟರೇ. ನೆಂಟರು ಅಂಗಳದಲ್ಲಿ ಮೆಲ್ಲ ಬರ್ತಾರೆ, ಕರೆದ ಮೇಲೆ ಒಳಗೆ ಬರ್ತಾರೆ. ಕಾರಿಗೂ ನಾನು ಹೇಳಬೇಕಾದದ್ದು ಅಷ್ಟೇ.

‘ಸೈಕಲ್ ದಾರಿ. ಕಾರು ಇಲ್ಲಿ ನೆಂಟ.’ ಇದನ್ನೇ ಕೊಟ್ಟೆ. ಲ್ ಆದ ಮೇಲೆ ಜಾಗ ಬಿಡಿ, ಇಲ್ಲದಿದ್ದರೆ ದಾ ಒತ್ತಾಗಿ ಕೆಳಗೆ ಹೋಗುತ್ತದೆ ಅಂತ ಪೈಂಟರಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.