ಹೂಮಳೆ ತಪ್ಪಿದಾಗ ಹಳ್ಳದ ನೀರು ಯಾರ ಪಾಲು? ಊರಿನ ಯುವಜನರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮೂಡಿಗೆರೆಯ ವಿದ್ಯಾರ್ಥಿನಿ
ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರಿನ ಹತ್ತು-ಹನ್ನೆರಡು ಗೆಳೆಯರು ಸೇರಿ ಪ್ರತಿ ವರ್ಷ ಜೂನ್ 5ರಂದು ಗಿಡ ನೆಡುತ್ತೇವೆ. ಈ ಬಾರಿ ಅಷ್ಟಕ್ಕೇ ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ. ಮಾರ್ಚ್‌ನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಾರದಿದ್ದಾಗ ಮೇಲಿನ ಕಾಫಿ ತೋಟದವರು ಹಳ್ಳಕ್ಕೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಯಿಸಿದರು. ನಾಲ್ಕನೇ ದಿನ ಕೆಳಗಿನ ಲೈನ್ ಮನೆಯ, ಎಂದರೆ ತೋಟದ ಕೂಲಿಯವರ ಸಾಲುಮನೆಯ, ಹೆಂಗಸರು ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು, ಬಟ್ಟೆಯಲ್ಲಿ ಸೋಸಿ ಕೊಡ ತುಂಬಿಸುತ್ತಿದ್ದರು. ಆಗಸ್ಟ್‌ನಲ್ಲಿ ಮಳೆ ಹಿಡಿದು ಕೂತರೆ ಕೂಲಿ ತಪ್ಪುವುದೂ ಅವರಿಗೇ. ಹವೆ ಕೆಟ್ಟಿದ್ದರಲ್ಲಿ ಅವರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅದರ ಪೆಟ್ಟು ಮಾತ್ರ ಮೊದಲು ಅವರಿಗೆ. ಹವಾಮಾನ ನ್ಯಾಯ ಎಂದರೆ ಇದನ್ನು ಸರಿಪಡಿಸುವುದೇ ಆದರೆ, ನಮ್ಮಂಥವರು ಊರಿನಲ್ಲೇ ನಿಂತು ಏನು ಮಾಡಬಹುದು?

ಉತ್ತರ: ಬಾಳೆಹೊನ್ನೂರು ಕಡೆಯ ಬೆಳೆಗಾರ
ಹಳ್ಳಕ್ಕೆ ಪಂಪು ಇಡುವವರಲ್ಲಿ ನಾನೂ ಒಬ್ಬನಾದ್ದರಿಂದ ನಿಮ್ಮ ಮಾತು ನನಗೆ ತಾಗಿತು. ರೊಬಸ್ಟಾ ಕಾಫಿಗೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದಿಂಚಿನಷ್ಟಾದರೂ ಹೂಮಳೆ ಬೇಕು, ಎರಡು-ಮೂರು ವಾರದ ಬಳಿಕ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆಯೂ (ಹೂಮಳೆಯ ಹಿಂದೆ ಬರುವ ಎರಡನೇ ಮಳೆ) ಬೇಕು. ಇವೆರಡೂ ಕೈಕೊಟ್ಟರೆ ಆ ವರ್ಷದ ಫಸಲೇ ಹೋಗುತ್ತದೆ. ಹಾಗೆಂದು ಕುಡಿಯುವ ನೀರನ್ನು ಬರಿದು ಮಾಡುವ ಹಕ್ಕು ನಮಗಿಲ್ಲ. ಪಂಪು ಇಳಿಸಿದ ಮೇಲೆ ಜಗಳಕ್ಕೆ ಬಂದರೆ ಯಾರೂ ಕೇಳುವುದಿಲ್ಲ. ಜನವರಿಯಲ್ಲೇ ಹಳ್ಳದ ಎರಡೂ ದಂಡೆಯವರನ್ನು ಕೂರಿಸಿ, ಯಾವ ತೋಟಕ್ಕೆ ಯಾವ ದಿನದ ಸರದಿ, ಹಳ್ಳದಲ್ಲಿ ಎಷ್ಟು ನೀರು ಉಳಿದಾಗ ಪಂಪು ನಿಲ್ಲಬೇಕು ಎಂಬುದನ್ನು ಬರೆಸಿಕೊಳ್ಳಿ.

ಅದಕ್ಕೆ ಆಧಾರ ಬೇಕು. ನಮ್ಮ ಕಡೆಯ ಹಳೆಯ ತೋಟಗಳಲ್ಲಿ ಮಳೆ ಪುಸ್ತಕಗಳಿವೆ. ನಮ್ಮ ತಂದೆಯವರು ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು-ಸೆಂಟಿನ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳು ನಮ್ಮ ಮನೆಯಲ್ಲಿವೆ. ಕೆಲವು ಪುಟಗಳಿಗೆ ಗೆದ್ದಲು ಹಿಡಿದಿದೆ. ಅಂಥವನ್ನು ಮನೆಮನೆಗೆ ಹೋಗಿ ನಕಲು ಮಾಡಿಕೊಂಡರೆ, ಹೂಮಳೆ ಯಾವ ವರ್ಷ ಯಾವ ದಿನ ಬಂತೆಂಬುದು ಊರಿನ ಕೈಗೆ ಸಿಗುತ್ತದೆ.

ಉತ್ತರ: ಕಡೂರಿನ ಮಾಜಿ ಪಂಚಾಯಿತಿ ಸದಸ್ಯೆ
ತಂಗಿ, ನಿಮ್ಮ ಮೂಡಿಗೆರೆಯಲ್ಲಿ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳು ಹೋದವು. ಅದೇ ಜಿಲ್ಲೆಯ ನಮ್ಮ ಕಡೂರಿನಲ್ಲಿ ಬರದ ವರ್ಷಗಳೇ ಹೆಚ್ಚು. ಆದರೂ ಎರಡೂ ಕಡೆಯವರು ಮಾತಾಡಬೇಕಾದ ಜಾಗ ಒಂದೇ, ಗ್ರಾಮಸಭೆ. ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಅದರ ಸದಸ್ಯರು, ಯಾರ ಅಪ್ಪಣೆಯೂ ಬೇಡ. ಮೊದಲು ವಾರ್ಡ್ ಸಭೆಗೆ ಹೋಗಿ ವಿಷಯವನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ, ಅದು ನಡಾವಳಿ ಪುಸ್ತಕಕ್ಕೆ ಏರುವವರೆಗೆ ಎದ್ದು ಬರಬೇಡಿ. ನನ್ನ ಅವಧಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ ಎಷ್ಟೋ ಬೇಡಿಕೆಗಳು ಸಭೆ ಮುಗಿಯುವುದರೊಳಗೆ ಮರೆತುಹೋದದ್ದನ್ನು ಕಂಡಿದ್ದೇನೆ. ನಡಾವಳಿಯ ನಕಲು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಸೇರುತ್ತಿದೆಯೇ ಎಂದು ವಿಚಾರಿಸಿ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿರುವ ಹಕ್ಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ವಾರ್ಡ್ ಸಭೆಗೆ ಬರೆದುಕೊಡುವುದರಲ್ಲಿ ಆ ಒಂದು ಸಾಲನ್ನು ಸೇರಿಸಿ.

ಉತ್ತರ: ಸಕಲೇಶಪುರದ ಯುವಕ
ಒಂದು ಎಚ್ಚರಿಕೆ ಹೇಳಬೇಕೆನಿಸಿತು. ನಮ್ಮ ಕಡೆ ಲೈನ್‌ನಲ್ಲಿರುವ ಹಲವರು ಅಸ್ಸಾಮಿನಿಂದ ಬಂದವರು. ಅವರಿಗೆ ಇಲ್ಲಿ ಮತವಿಲ್ಲ, ಗ್ರಾಮಸಭೆಯಲ್ಲಿ ಅವರನ್ನು ಲೆಕ್ಕಕ್ಕೆ ಹಿಡಿಯುವವರೂ ಇಲ್ಲ. ನಾವು ಒಮ್ಮೆ ಅವರ ಮನೆಗಳ ನೀರಿನ ವಿಷಯವನ್ನು ಹೆಸರು ಸಮೇತ ಬರೆದುಕೊಟ್ಟೆವು. ಮರುವಾರವೇ ಆ ಕುಟುಂಬಗಳ ಕೆಲಸ ಹೋಯಿತು. ಇಂದಿಗೂ ಅದು ನನ್ನ ಎದೆಯ ಮೇಲಿದೆ. ಆದ್ದರಿಂದ ಕೆಲಸ ಬಿಟ್ಟ ಮೇಲೆ ಸಂಜೆ ಹೋಗಿ ಕೂತು, ಏನನ್ನು ಬರೆಯಬಹುದು, ಏನನ್ನು ಬರೆಯಬಾರದು ಎಂದು ಮೊದಲು ಅವರನ್ನೇ ಕೇಳಿ. ಮನೆಗಳ ಸಂಖ್ಯೆ ಸಾಕು, ಹೆಸರು ಬೇಡ. ಫೋಟೋ ಅಂತೂ ಬೇಡವೇ ಬೇಡ.

ಮೂಡಿಗೆರೆಯ ವಿದ್ಯಾರ್ಥಿನಿ
ಅಣ್ಣ, ಹೆಸರು ಬರೆಯಬಾರದೆಂಬುದು ನಮಗೆ ಹೊಳೆದೇ ಇರಲಿಲ್ಲ. ನಿನ್ನೆ ಮಾಡಿದ್ದ ಪಟ್ಟಿಯನ್ನು ಹರಿದುಹಾಕಿದೆವು. ಅಕ್ಕ, ವಾರ್ಡ್ ಸಭೆಯ ದಿನಾಂಕವನ್ನು ನಾಳೆಯೇ ಕೇಳಿ ಬರುತ್ತೇವೆ. ಸರ್, ಗೆದ್ದಲು ಇನ್ನಷ್ಟು ತಿನ್ನುವ ಮೊದಲು ಆ ಮಳೆ ಪುಸ್ತಕಗಳನ್ನು ನಕಲು ಮಾಡಿಕೊಳ್ಳಲು ಈ ಭಾನುವಾರ ನಾವು ಮೂವರು ಬರಬಹುದೇ?