ಡಾಕ್ಟರನ್ನು ಕೇಳಿ: ಜ್ವರದ ಬಿಸಿಗೂ ಸಾಯದ ಅಮೀಬಾ (ಕೋಲಾರ ಗುಂಪು)

ಮಾಲೂರು ಸದಸ್ಯೆ: ಡಾಕ್ಟ್ರೇ, ಕೇರಳದ ‘ಮಿದುಳು ತಿನ್ನುವ ಅಮೀಬಾ’ ಸುದ್ದಿ ನೋಡಿ ಭಯವಾಗಿದೆ. ಬೋರ್‌ವೆಲ್ ನೀರು ಕುಡಿದರೆ ಬರುತ್ತಾ?

ಡಾಕ್ಟರ್ (ಮೈಕ್ರೋಬಯಾಲಜಿ): ಇಲ್ಲಮ್ಮ. ನೇಗ್ಲೇರಿಯಾ ಅನ್ನುವ ಈ ಅಮೀಬಾ ಹೊಟ್ಟೆಯಿಂದ ಹೋಗುವುದಿಲ್ಲ. ಮೂಗಿಗೆ ನೀರು ಏರಿದಾಗ ವಾಸನೆಯ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಬಂಗಾರಪೇಟೆ ವಿದ್ಯಾರ್ಥಿ: ಸರ್, 104 ಡಿಗ್ರಿ ಜ್ವರ ಬಂದರೂ ಅದು ಯಾಕೆ ಸಾಯಲ್ಲ?

ಡಾಕ್ಟರ್: ಇದು ಪ್ರಶ್ನೆ ಅಂದ್ರೆ! 104 ಫ್ಯಾರನ್‌ಹೀಟ್ ಅಂದರೆ 40 ಸೆಲ್ಸಿಯಸ್. ಈ ಅಮೀಬಾ 46 ಸೆಲ್ಸಿಯಸ್‌ವರೆಗೂ ಬೆಳೆಯುತ್ತದೆ. ಬಿಸಿ ಜಾಸ್ತಿಯಾದರೆ ಜೀವಕೋಶದ ಪ್ರೋಟೀನುಗಳ ಮಡಿಕೆ ಬಿಚ್ಚಿ, ಬೆಂದ ಮೊಟ್ಟೆಯ ಬಿಳಿಯಂತೆ ಅಂಟಿಕೊಂಡು ಮುದ್ದೆಯಾಗುತ್ತವೆ. ಆಗ ಹೀಟ್ ಶಾಕ್ ಪ್ರೋಟೀನುಗಳು ಬಂದು ಅವನ್ನು ಹಿಡಿದು ಮತ್ತೆ ಸರಿಯಾಗಿ ಮಡಚುತ್ತವೆ. 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸಾ ಹಣ್ಣುನೊಣದಲ್ಲಿ ಇದರ ಮೊದಲ ಸುಳಿವು ಕಂಡರು. ನೇಗ್ಲೇರಿಯಾದಲ್ಲಿ ಎಚ್‌ಎಸ್‌ಪಿ70 ಅಂತ ಇಂಥ ಒಂದು ಹೀಟ್ ಶಾಕ್ ಪ್ರೋಟೀನು ಇದೆ. ಲ್ಯಾಬ್‌ನಲ್ಲಿ ಅದನ್ನು ತಡೆದಾಗ ಅಮೀಬಾ ಬೆಳೆಯುವುದೂ ಕಡಿಮೆಯಾಯಿತು, ಬೇರೆ ಜೀವಕೋಶ ಕೊಲ್ಲುವುದೂ ಕಡಿಮೆಯಾಯಿತು. ಹಾಗಾದರೆ ಅದಕ್ಕೇ ಔಷಧ ಮಾಡಬಹುದಲ್ವಾ ಅಂತೀರಿ. ನಮ್ಮ ಜೀವಕೋಶದಲ್ಲೂ ಹೆಚ್ಚುಕಡಿಮೆ ಅಂಥದ್ದೇ ಇದೆಯಲ್ಲ, ಅಲ್ಲೇ ತೊಡಕು.

ಶ್ರೀನಿವಾಸಪುರ ಸದಸ್ಯ: ಫಾರ್ವರ್ಡ್ ಬಂದಿದೆ. ದಿನಾ ಹಬೆ ತಗೊಂಡು, ಮೂಗಿಗೆ ಬೆಳ್ಳುಳ್ಳಿ ರಸ ಎರಡು ಹನಿ ಬಿಟ್ಟರೆ ಅಮೀಬಾ ಸಾಯುತ್ತಂತೆ 🙏

ಡಾಕ್ಟರ್: ಮೇಲೆ ಈಗಷ್ಟೇ ಏನು ಬರೆದೆ? ಬಿಸಿ ಇಷ್ಟಪಡುವ ಜೀವಿಗೆ ಹಬೆ ತೋರಿಸ್ತೀರಾ? ಬೆಳ್ಳುಳ್ಳಿ ಮೂಗಿನ ಒಳಪದರ ಸುಡುತ್ತದೆ. ಸಾರಿಗೆ ಹಾಕಿ.

ಮುಳಬಾಗಿಲು ಸದಸ್ಯ: ಸರ್, ಮಗ ಭಾನುವಾರ ಕ್ವಾರಿ ಹೊಂಡಕ್ಕೆ ಹಾರಿದ್ದ. ನಿನ್ನೆಯಿಂದ ಜ್ವರ, ತಲೆನೋವು, ಎರಡು ಸಲ ವಾಂತಿ. ಡೋಲೋ ಕೊಟ್ಟಿದ್ದೇವೆ.

ಡಾಕ್ಟರ್: ಫೋನ್ ಬಿಟ್ಟು ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಬೇರೆ ಜ್ವರವೇ ಇರಬಹುದು, ಆದರೆ ಬೆಳಗಿನವರೆಗೆ ಕಾಯಬೇಡಿ. ‘ಹೊಂಡದ ನೀರು ಮೂಗಿಗೆ ಹೋಗಿತ್ತು’ ಅಂತ ಮೊದಲ ಮಾತಲ್ಲೇ ಹೇಳಿ. ಬೆನ್ನಿನ ನೀರು ತೆಗೆದರೆ ಫ್ರಿಜ್‌ನಲ್ಲಿ ಇಡದೆ ಆಗಲೇ ಮೈಕ್ರೋಸ್ಕೋಪ್‌ನಲ್ಲಿ ನೋಡಲಿ. ತಣ್ಣಗಾದರೆ ಅಮೀಬಾ ಓಡಾಡುವುದು ಕಾಣುವುದಿಲ್ಲ. ಆಂಫೋಟೆರಿಸಿನ್, ಮಿಲ್ಟೆಫೋಸಿನ್ ಔಷಧ ಬೇಗ ಶುರುವಾದವರಲ್ಲಿ ಕೆಲವರಾದರೂ ಉಳಿದಿದ್ದಾರೆ.

ಕೋಲಾರ ಸದಸ್ಯೆ: ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯಬಹುದಾ ಸರ್?

ನರಸಾಪುರ ಸದಸ್ಯ: ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಕೆರೆಗೆ ಬಂದ ಮೇಲೇ ಇವೆಲ್ಲ ರೋಗ.

ವೇಮಗಲ್ ಸದಸ್ಯ: ಆ ನೀರು ಬರದಿದ್ದರೆ ನಿಮ್ಮ ಬೋರ್ ಬತ್ತಿರುತ್ತಿತ್ತು ಸ್ವಾಮಿ.

ನರಸಾಪುರ ಸದಸ್ಯ: ಬೆಂಗಳೂರಿನ ಕೊಳಚೆ. ಎರಡೇ ಹಂತ ಶುದ್ಧಿ ಮಾಡಿ ಬಿಡ್ತಾರೆ.

ವೇಮಗಲ್ ಸದಸ್ಯ: ಅದೇ ನೀರಲ್ಲಿ ಟೊಮೆಟೊ ಬೆಳೆದು ಲೋಡುಗಟ್ಟಲೆ ಮಂಡಿಗೆ ಹಾಕುವಾಗ ಕೊಳಚೆ ಅನ್ನಿಸಲಿಲ್ವಾ?

ಡಾಕ್ಟರ್: ಬೆಚ್ಚಗಿನ ಸಿಹಿನೀರು ಎಲ್ಲಿದ್ದರೂ ಈ ಅಮೀಬಾ ಇರಬಹುದು. ಜಗಳ ಬೇರೆ ಗುಂಪಲ್ಲಿ ಆಡಿ.

ನರಸಾಪುರ ಸದಸ್ಯ: ನಿಮಗೇನು ಡಾಕ್ಟ್ರೇ, ಫಿಲ್ಟರ್ ನೀರು ಕುಡಿಯುವವರು.

ಡಾಕ್ಟರ್: ಮುಳಬಾಗಿಲಿನವರು ಹೊರಟರಾ? ಯಾರಾದರೂ ಫೋನ್ ಮಾಡಿ ನೋಡಿ.

ಕೆಜಿಎಫ್ ಸದಸ್ಯ: ಸರ್, ಕುಡಿದರೆ ಬರುತ್ತಾ?

ಡಾಕ್ಟರ್: ಮೂಗು ಸ್ವಾಮಿ, ಮೂಗು. ಮೇಲಿದೆ, ಓದಿ.