ಆನೆಕ್ಸಿನ್ ವಿ: ಔಷಧಿ ಹಾಕದ ಕೋಶಗಳೂ ಪಾಸಿಟಿವ್ ಯಾಕೆ?

ಪ್ರಶ್ನೆ: ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಆನೆಕ್ಸಿನ್ ವಿ (ಸಾಯುವ ಕೋಶ ಗುರುತಿಸಲು ಬಳಸುವ ಪ್ರೋಟೀನ್) ಮತ್ತು ಪಿಐ (ಪೊರೆ ಹರಿದ ಕೋಶದೊಳಗೆ ಹೋಗುವ ಬಣ್ಣ) ಹಾಕಿದರೆ ಔಷಧಿ ಹಾಕದ ಕಂಟ್ರೋಲ್‌ನಲ್ಲೇ ಕಾಲು ಭಾಗ ಡಬಲ್ ಪಾಸಿಟಿವ್, ಅಂದರೆ ಎರಡೂ ಹಿಡಿದಿವೆ. ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಟ್ರಿಪ್ಸಿನ್-ಇಡಿಟಿಎ 10 ನಿಮಿಷ, ಆಮೇಲೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ತೊಳೆದದ್ದು. ಎಲ್ಲಿ ಎಡವಟ್ಟು?

ಉತ್ತರ 1: 10 ನಿಮಿಷ ಜಾಸ್ತಿ. ಹೀಲಾ 2–3 ನಿಮಿಷದಲ್ಲಿ ಏಳುತ್ತದೆ. ಎದ್ದ ಕೂಡಲೇ ಸೀರಮ್ ಇರುವ ಮೀಡಿಯಾ ಹಾಕಿ ನಿಲ್ಲಿಸಿ. ಪೊರೆ ಹರಿದರೆ ಆನೆಕ್ಸಿನ್ ಒಳಗೆ ನುಗ್ಗಿ ಒಳಪದರದ ಫಾಸ್ಫಟೈಡಿಲ್‌ಸೆರೀನ್ ಎಂಬ ಲಿಪಿಡ್‌ಗೇ ಅಂಟಿಕೊಳ್ಳುತ್ತದೆ, ಪಿಐಯೂ ಜೊತೆಗೆ ಹೋಗುತ್ತದೆ. ಅದನ್ನು ಅಪೊಪ್ಟೋಸಿಸ್ (ಕೋಶದ ಯೋಜಿತ ಸಾವು) ಎಂದು ಬರೆದುಬಿಡಬೇಡಿ, ನೆಕ್ರೋಸಿಸ್ಸೂ (ಪೊರೆ ಹರಿದು ಆಗುವ ಸಾವು) ನಕ್ಷೆಯ ಅದೇ ಡಬಲ್ ಪಾಸಿಟಿವ್ ಮೂಲೆಗೆ ಬೀಳುತ್ತದೆ.

ಇಡಿಟಿಎ ಉಳಿದರೆ ಉಲ್ಟಾ ತೊಂದರೆ: ಆನೆಕ್ಸಿನ್‌ಗೆ ಬೇಕಾದ ಕ್ಯಾಲ್ಸಿಯಂ ಅದರ ಪಾಲಾಗಿ ಸಿಗ್ನಲ್ಲೇ ಬರುವುದಿಲ್ಲ. ಕೊನೆಯ ಸಲ ಬೈಂಡಿಂಗ್ ಬಫರ್‌ನಲ್ಲೇ ತೊಳೆಯಿರಿ: ಹೆಪೆಸ್ 10, ಸೋಡಿಯಂ ಕ್ಲೋರೈಡ್ 140, ಕ್ಯಾಲ್ಸಿಯಂ ಕ್ಲೋರೈಡ್ 2.5 ಮಿಲಿಮೋಲಾರ್, ಪಿಎಚ್ 7.4. 100 ಮೈಕ್ರೋಲೀಟರ್‌ಗೆ 1 ಲಕ್ಷ ಕೋಶ, ಕತ್ತಲಲ್ಲಿ 15 ನಿಮಿಷ, ಗಂಟೆಯೊಳಗೆ ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ನೋಡಿ.

ಉತ್ತರ 2: ಮೇಲೆ ತೇಲುವ ಕೋಶಗಳನ್ನು ಚೆಲ್ಲಬೇಡಿ, ಸಾಯುತ್ತಿರುವವು ಹೆಚ್ಚಾಗಿ ಅವೇ. ಇನ್ನೊಂದು, ಆನೆಕ್ಸಿನ್ ಪಾಸಿಟಿವ್ ಎಂದರೆ ಸಾವು ಎಂದೇನೂ ಅಲ್ಲ. ಅಪೊಪ್ಟೋಸಿಸ್‌ನಲ್ಲಿ ಕ್ಯಾಸ್ಪೇಸ್-3 (ಪ್ರೋಟೀನ್ ಕತ್ತರಿಸುವ ಕಿಣ್ವ) ಎಕ್ಸ್‌ಕೆಆರ್8 ಸ್ಕ್ರಾಂಬ್ಲೇಸನ್ನು (ಲಿಪಿಡ್‌ಗಳನ್ನು ಎರಡೂ ಪದರಕ್ಕೆ ಬೆರೆಸುವ ಪ್ರೋಟೀನ್) ಕತ್ತರಿಸಿ ಚಾಲೂ ಮಾಡುತ್ತದೆ, ಎಟಿಪಿ11ಸಿ ಫ್ಲಿಪ್ಪೇಸನ್ನು (ಫಾಸ್ಫಟೈಡಿಲ್‌ಸೆರೀನನ್ನು ಒಳಕ್ಕೆ ತಿರುಗಿಸುವ ಪ್ರೋಟೀನ್) ಕತ್ತರಿಸಿ ಕೆಡಿಸುತ್ತದೆ. ಹಾಗಾಗಿ ಲಿಪಿಡ್ ಹೊರಗೇ ಉಳಿಯುತ್ತದೆ. ಆದರೆ ಪ್ಲೇಟ್‌ಲೆಟ್‌ನಲ್ಲಿ ಕ್ಯಾಲ್ಸಿಯಂ ಏರಿದಾಗ ಟಿಎಂಇಎಂ16ಎಫ್ ಎಂಬ ಇನ್ನೊಂದು ಸ್ಕ್ರಾಂಬ್ಲೇಸ್ ಇದೇ ಲಿಪಿಡನ್ನು ಹೊರತರುತ್ತದೆ, ರಕ್ತ ಹೆಪ್ಪುಗಟ್ಟಲು. ಆ ಜೀನ್ ಕೆಟ್ಟವರಿಗೆ ಸ್ಕಾಟ್ ಸಿಂಡ್ರೋಮ್, ರಕ್ತಸ್ರಾವ ಬೇಗ ನಿಲ್ಲದು.

ಪ್ರಶ್ನೆ: ಹಾಗಾದರೆ ಅಪೊಪ್ಟೋಸಿಸ್ಸೇ ಎಂದು ಖಚಿತಪಡಿಸುವುದು ಹೇಗೆ?

ಉತ್ತರ 1: ಔಷಧಿಗೆ ಮುಂಚೆ ಜೆಡ್-ವ್ಯಾಡ್ (ಕ್ಯಾಸ್ಪೇಸ್‌ಗಳನ್ನು ತಡೆಯುವ ರಾಸಾಯನಿಕ) 20 ಮೈಕ್ರೋಮೋಲಾರ್, 1 ಗಂಟೆ. ಆನೆಕ್ಸಿನ್ ಇಳಿದರೆ ಕ್ಯಾಸ್ಪೇಸ್ ದಾರಿ. ಜೊತೆಗೆ ಕತ್ತರಿಸಿದ ಕ್ಯಾಸ್ಪೇಸ್-3ಕ್ಕೆ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆ ಪರೀಕ್ಷೆ) ಹಾಕಿ.